ಎಡಕ್ಕೆ ತಿರುಗದ ಕಾರು, ಅತ್ತೆಯ ಮದುವೆ

ಇಂದ:
ನಿತ್ಯಾನಂದ, ಹೋಟೆಲ್ ಮಾಲೀಕ, ಶಿರ್ತಾಡಿ

ಗೆ:
ಮಾನ್ಯ ಸಾರಿಗೆ ಅಧಿಕಾರಿಗಳು

ವಿಷಯ: ಹಳೆಯ ಐಷಾರಾಮಿ ಕಾರಿನ ಚಾಸಿಗೆ ಪಿಕಪ್ ವಾಹನದ ಟಯರ್ ಹೊಂದಿಸಿದ್ದನ್ನು, ಹೊಂದಿಸಿಯಾದ ಮೇಲೆ, ಮಂಜೂರು ಮಾಡುವ ಬಗ್ಗೆ.

ಉಲ್ಲೇಖ: ತಮ್ಮ ಇನ್‌ಸ್ಪೆಕ್ಟರರು ಗುರುವಾಯನಕೆರೆಯ ತಿರುವಿನಲ್ಲಿ ಮದುಮಗಳ ಕೈಗೆ ಕೊಟ್ಟ ನೋಟಿಸು.

ಮಾನ್ಯರೇ,

1. ಸದರಿ ಕಾರು ನನ್ನ ಅಜ್ಜ ಕೊಂಡ ವಿಲಾಯತಿ ಕಾರು. ಅದರ ಎತ್ತರದ, ಸಪೂರ ಟಯರುಗಳು ಎಲ್ಲಿ ವಿಚಾರಿಸಿದರೂ ಸಿಗದ ಕಾರಣ ಅದು ಶೆಡ್ಡಿನಲ್ಲಿ ಮುರಕಲ್ಲುಗಳ ಮೇಲೆ ಕುಳಿತಿತ್ತು. ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದವು.

2. ನನ್ನ ಸೋದರತ್ತೆ ಅಮ್ಮಣ್ಣಿಯವರು (ಪ್ರಾಯ ಎಪ್ಪತ್ತೊಂದು, ಲೈಸೆನ್ಸ್ ಚಾಲ್ತಿಯಲ್ಲಿದೆ) ನಮ್ಮ ಹೋಟೆಲನ್ನು ಕಟ್ಟಿ ನಿಲ್ಲಿಸಿದವರು. ಮದುವೆಯ ಮಾತೆತ್ತಿದರೆ "ಪುರುಸೊತ್ತು ಎಲ್ಲಿ ಉಂಟು ಮಾರಾಯ?" ಎನ್ನುತ್ತಿದ್ದರು. ಕಳೆದ ಡಿಸೆಂಬರಿನಲ್ಲಿ ಪುರುಸೊತ್ತಾಯಿತು. ವರ ಉಜಿರೆಯ ನಿವೃತ್ತ ಡ್ರಾಯಿಂಗ್ ಮಾಸ್ತರರಾದ ಭೋಜ, ವಿಧುರರು. ಮದುವೆ ಬೆಳ್ತಂಗಡಿಯ ನೋಂದಣಿ ಕಚೇರಿಯಲ್ಲಿ.

3. ತಾನು ಡ್ರೈವಿಂಗ್ ಕಲಿತ ಅದೇ ಕಾರನ್ನು ತಾನೇ ಓಡಿಸಿಕೊಂಡು ಮದುವೆಗೆ ಹೋಗಬೇಕೆಂಬುದು ಅತ್ತೆಯ ಷರತ್ತು. "ಕಾರು ರೆಡಿಯಾಗದಿದ್ದರೆ ಮುಂದಿನ ವರ್ಷ ಆಗುವ" ಎಂದರು. ಮಾಸ್ತರರು ನನಗೆ ಫೋನು ಮಾಡಿ, "ಮುಂದೆ ಹಾಕುವ ಪ್ರಾಯವಾ ನಮ್ಮದು? ಹೇಗಾದರೂ ಟಯರ್ ಹಾಕಿಸಿ" ಎಂದು ಅಂಗಲಾಚಿದರು. ಆದ್ದರಿಂದ, ತಮ್ಮ ಅನುಮತಿ ಕೇಳಲು ಸಮಯವಿಲ್ಲದ ಕಾರಣ, ಕೇಳಲಿಲ್ಲ.

4. ಮೆಲ್ಕಾರಿನಲ್ಲಿ ಗ್ಯಾರೇಜು ನಡೆಸುವ ಎಂಜಿನಿಯರ್ ಸಮೀನಾ ಅವರು ಚಕ್ರಗಳ ಹಬ್‌ಗಳನ್ನು ಬದಲಿಸಿ, ಚಾಸಿಗೆ ಸ್ಪ್ರಿಂಗ್ ಹಿಡಿದಿರುವ ಬ್ರಾಕೆಟುಗಳನ್ನು ಹೊರಕ್ಕೆ ಸರಿಸಿ, ಪಿಕಪ್ಪಿನ ಅಗಲ ಟಯರುಗಳನ್ನು ಕೂರಿಸಿದರು. ಆದರೆ ಎಡಕ್ಕೆ ಪೂರ್ತಿ ತಿರುಗಿಸಿದರೆ ಟಯರು ಚಾಸಿಗೆ ಉಜ್ಜುತ್ತಿತ್ತು.

"ಇನ್ನು ಒಂದು ವಾರ ಕೊಡಿ" ಎಂದರು.

"ಮದುವೆ ನಾಳೆ" ಎಂದೆ.

"ಹಾಗಾದರೆ ಎಡಕ್ಕೆ ತಿರುಗುವಲ್ಲಿ ಮೆಲ್ಲ ಹಿಂದೆ ಮುಂದೆ ಮಾಡ್ಲಿಕ್ಕೆ ಹೇಳಿ."

5. ಗುರುವಾಯನಕೆರೆಯಲ್ಲಿ ಎಡಕ್ಕೆ ತಿರುಗಬೇಕಾಯಿತು. ಪಟ್ಟೆಸೀರೆ ಉಟ್ಟು, ಮಲ್ಲಿಗೆ ಮುಡಿದ ಅತ್ತೆ ಹಿಂದೆ ಮುಂದೆ ಮಾಡುತ್ತಿದ್ದಂತೆ ಎಲ್ಲ ದಿಕ್ಕಿನ ಬಸ್ಸುಗಳೂ ನಿಂತವು. ಅದರಲ್ಲೊಂದು ಬಸ್ಸಿನೊಳಗೆ ನಮ್ಮ ಮೂರನೆಯ ಸಾಕ್ಷಿ, ನನ್ನ ಭಾವ ಜಿತೇಶ್ ಸಿಕ್ಕಿಬಿದ್ದದ್ದು ಆಮೇಲೆ ತಿಳಿಯಿತು. ಅಷ್ಟರಲ್ಲಿ ತಮ್ಮ ಇನ್‌ಸ್ಪೆಕ್ಟರರು ಜೀಪಿನಿಂದಿಳಿದು ಬಂದರು.

"ಅಮ್ಮಾ, ದಾಖಲೆಯಲ್ಲಿರುವ ಟಯರು ಇದಲ್ಲ."

"ದಾಖಲೆಯ ಟಯರು ನಿಮ್ಮಲ್ಲಿ ಉಂಟಾದರೆ ಕೊಡಿ, ಈಗಲೇ ಹಾಕುವ" ಎಂದರು ಅತ್ತೆ.

ಅವರು ನೋಟಿಸು ಕೊಟ್ಟರು. ಆದರೆ ಕಾರನ್ನು ತಡೆಹಿಡಿಯಲಿಲ್ಲ. ನಿಗಾ ಇಡುವ ಸಲುವಾಗಿ ಜೀಪಿನಲ್ಲಿ ನಮ್ಮ ಹಿಂದೆಯೇ ಬಂದರು.

6. ನೋಂದಣಿಗೆ ಮೂವರು ಸಾಕ್ಷಿಗಳು ಬೇಕು. ನಾನಿದ್ದೆ, ನನ್ನ ಹೆಂಡತಿ ಕುಸುಮ ಇದ್ದಳು, ಜಿತೇಶನ ಪತ್ತೆಯಿಲ್ಲ. ಕಚೇರಿಯ ಸಮಯ ಮುಗಿಯುತ್ತ ಬಂದಿತ್ತು. ಮಾಸ್ತರರು ಕರವಸ್ತ್ರ ಹಿಂಡುತ್ತ ಬಾಗಿಲನ್ನೇ ನೋಡುತ್ತಿದ್ದರು. ಬಾಗಿಲಲ್ಲಿ ನಿಂತಿದ್ದ ಇನ್‌ಸ್ಪೆಕ್ಟರರು ಟೊಪ್ಪಿ ತೆಗೆದು ಕಂಕುಳಲ್ಲಿಟ್ಟು, "ಪೆನ್ನು ಕೊಡಿ" ಎಂದರು. ಅತ್ತೆ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಇದು ಅರ್ಜಿಗೆ ಸಂಬಂಧಿಸಿದ್ದಲ್ಲ.

7. ಈಗ ಸಮೀನಾ ಅವರು ಬಾಕಿ ಕೆಲಸ ಮುಗಿಸಿದ್ದು, ಕಾರು ಎರಡೂ ಕಡೆಗೆ ತಿರುಗುತ್ತದೆ.

ಆದ್ದರಿಂದ, ಮೇಲ್ಕಂಡ ಕಾರಣಗಳಿಂದ, ಕಾರನ್ನು ಪರೀಕ್ಷಿಸಿ, ಮಾರ್ಪಾಡನ್ನು ಮಂಜೂರು ಮಾಡಬೇಕಾಗಿ ಪ್ರಾರ್ಥಿಸುತ್ತೇನೆ.

ತಮ್ಮ ವಿಶ್ವಾಸಿ, ಹಾಗೂ ತಮ್ಮ ಇನ್‌ಸ್ಪೆಕ್ಟರರ ಸಹಸಾಕ್ಷಿ,
ನಿತ್ಯಾನಂದ

ಲಗತ್ತುಗಳು: ನೋಟಿಸಿನ ಪ್ರತಿ, ಸಮೀನಾ ಅವರ ತಾಂತ್ರಿಕ ವರದಿ, ವಿವಾಹ ಪ್ರಮಾಣಪತ್ರ (ಮೂರನೆಯ ಸಹಿಯನ್ನು ಗಮನಿಸುವುದು).

ವಿ.ಸೂ.: ಕಾರನ್ನು ಅತ್ತೆಗೆ ಉಡುಗೊರೆಯಾಗಿ ಕೊಟ್ಟಿರುವುದರಿಂದ ಅವರ ಹೆಸರಿಗೆ ವರ್ಗಾಯಿಸಬೇಕು. ವರ್ಗಾವಣೆ ಅರ್ಜಿಯಲ್ಲಿ 'ಗಂಡನ ಹೆಸರು' ಎಂಬ ಜಾಗವನ್ನು ಮಾತ್ರ ಕಚೇರಿಯವರು ಯಾರೂ ತುಂಬಬಾರದಾಗಿ ವಿನಂತಿ. ಅತ್ತೆ ಖುದ್ದಾಗಿ ಬಂದು ಬರೆಯುತ್ತಾರಂತೆ.