ಬಚ್ಚಲ ಒಲೆಯ ನಡುವಿನ ಕಂಬಿ

ದುಡಿದು ದಣಿದವರನ್ನು ಕಂಡರೆ ಲೋಕಕ್ಕೆ ಕನಿಕರ. ಹಠ ಹಿಡಿದು ದಣಿದವರನ್ನು ಯಾರೂ ಕೇಳುವುದಿಲ್ಲ. ನಾನು ಎರಡನೆಯ ಗುಂಪಿನವನು. ತಾಮ್ರದ ಹಂಡೆಯಲ್ಲಿ, ಬೆಂಕಿಯ ಮೇಲೆ ಕಾದದ್ದೇ ನೀರು, ಗೀಸರಿನದು ಬರೀ ಬಿಸಿ ಎಂದು ಹದಿನೈದು ವರ್ಷಗಳಿಂದ ಬಂದವರಿಗೆಲ್ಲ ಭಾಷಣ ಬಿಗಿದಿದ್ದೇನೆ. ಹೈಸ್ಕೂಲು ಮೇಷ್ಟ್ರು, ಅಭ್ಯಾಸಬಲ. ಆ ತಪ್ಪಿಗೆ ದಿನಾ ಬೆಳಿಗ್ಗೆ ಬಚ್ಚಲ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಊದುವ ಶಿಕ್ಷೆಯೂ ನನ್ನದೇ.

ಊದುವುದನ್ನಾದರೂ ಸಹಿಸಬಹುದು, ರಿಪೇರಿಯನ್ನಲ್ಲ. ಬಿಳಿಗೆರೆಯ ನಮ್ಮ ಮನೆಯಲ್ಲಿ ಉರುವಲೆಂದರೆ ತೆಂಗಿನ ಮಟ್ಟೆ. ಅದರ ಕಾವಿಗೆ, ಬೂದಿಗೆ ಒಲೆಯೊಳಗಿನ ಕಬ್ಬಿಣದ ಕಂಬಿಗಳು ವರ್ಷದೊಳಗೆ ಸವೆದು ಹಪ್ಪಳವಾಗುತ್ತವೆ. ತಿಪಟೂರಿನಿಂದ ತಂದ ಕಂಬಿ ಒಮ್ಮೆ ಉದ್ದ, ಒಮ್ಮೆ ಗಿಡ್ಡ. ಇಟ್ಟಿಗೆ ಬಿಚ್ಚಿ, ಕಂಬಿ ಕೂರಿಸಿ, ಕೆಮ್ಮಣ್ಣು ಮೆತ್ತಿ ಏಳುವಷ್ಟರಲ್ಲಿ ನನ್ನ ಸೊಂಟಕ್ಕೇ ಒಂದು ಕಂಬಿ ಬೇಕೆನಿಸುತ್ತದೆ.

ಈ ಸಲ ನಡುವಿನ ಕಂಬಿ ಮುರಿದು ಉರಿಯುವ ಮಟ್ಟೆಯೆಲ್ಲ ಬೂದಿಗೆ ಬಿದ್ದಾಗ ಹೆಂಡತಿ ಗಿರಿಜ ಬಾಗಿಲಿಗೆ ಬಂದು ನಿಂತಳು. "ಇದೇ ಕೊನೆ ಕಣ್ರೀ. ಇನ್ನೊಂದು ಹಾಕಿ. ಯುಗಾದಿ ತನಕ ತಡ್ಕಂಡ್ರೆ ಗೀಸರ್ ಮಾತೇ ಎತ್ತಲ್ಲ. ಮುರುದ್ರೆ ಮಾತ್ರ ಹಾಕಿಸ್ಲೇಬೇಕು."

ನಾನು ಮುಖ ಬಿಗಿದುಕೊಂಡೆ, ಒಳಗೊಳಗೇ ಹಿಗ್ಗಿದೆ. ಪಂತದಲ್ಲಿ ಸೋತರೆ ಮಾನವೂ ಉಳಿಯಿತು, ಗೀಸರೂ ಬಂತು! ಅಂಗಡಿಗೆ ಹೋಗಲೇ ಇಲ್ಲ. ಬಚ್ಚಲ ಹಿಂದೆ ತುಕ್ಕು ಹಿಡಿದು ಗೋಡೆಗೊರಗಿದ್ದ ಯಾವುದೋ ಸರಳನ್ನು ತಂದು ತುರುಕಿದೆ. ಎಂಟು ದಿನಕ್ಕೆ ಮುರಿದೀತೆಂದು ಕಾದೆ. ಎಂಟು ವಾರವಾದರೂ ಜಪ್ಪಯ್ಯ ಎನ್ನಲಿಲ್ಲ.

ಅಷ್ಟರಲ್ಲಿ ಪ್ರತಿವರ್ಷ ನಮ್ಮ ತೆಂಗಿನಕಾಯಿ ಸುಲಿಯುವ ತಿಮ್ಮಣ್ಣ ಬಂದ. "ಮೇಷ್ಟ್ರೇ, ನಾನು ಕಾಯಿ ಸುಲಿಯೋ ಹಾರೆ ಎಲ್ಲಿ? ಹೋದ್ ವರ್ಷ ಬಚ್ಚಲ ಹಿಂದ್ಲೇ ಒರಗ್ಸಿ ಹೋಗಿದ್ನಲ್ಲ?"

ನಾನು ಒಲೆಯತ್ತ ಕೈ ತೋರಿಸಿದೆ. ಅವನು ಬಗ್ಗಿ ನೋಡಿದ. "ಅಯ್ಯೋ, ನಮ್ಮಪ್ಪ ಲಾರಿ ಆಕ್ಸಲ್ ಕಬ್ಬಿಣದಲ್ಲಿ ಹೊಡಿಸಿದ್ದು ಕಣ್ರೀ!"

ನನಗೆ ನಿಜಕ್ಕೂ ನಾಚಿಕೆಯಾಯಿತು. ಜೊತೆಗೆ, ಈ ಕಂಬಿಯನ್ನು ತೊಲಗಿಸಲು ದೇವರೇ ದಾರಿ ತೋರಿಸಿದ ಹಾಗೂ ಆಯಿತು. "ಈಗಲೇ ಕಿತ್ತುಕೊಡ್ತೀನಿ!" ಎಂದು ಇಕ್ಕಳ ಹಿಡಿದೆ. ನ್ಯಾಯದ ಪರವಾಗಿ ನಾನು ಅಷ್ಟು ಚುರುಕಾಗಿ ಎದ್ದದ್ದು ಜೀವನದಲ್ಲಿ ಅದೇ ಮೊದಲು.

"ಬುಡಿ ಮೇಷ್ಟ್ರೇ. ಬೆಂಕೀಲಿ ಬೆಂದು ಮೊನೆ ಹದ ಹೋಯ್ತು. ಇನ್ನು ಕಾಯಿ ಸುಲಿಯಾಕೆ ಬರಾಕಿಲ್ಲ. ನಂಗೆ ಹೊಸದು ಹೊಡಿಸ್ಕೊಡಿ. ಇದು ಇಲ್ಲೇ ಇರ್ಲಿ, ನಿಮ್ ಕಾಲಕ್ಕಂತೂ ಮುರಿಯಾಕಿಲ್ಲ."

ಬಾಗಿಲಲ್ಲಿ ನಿಂತಿದ್ದ ಗಿರಿಜ ಅಷ್ಟನ್ನೂ ಕೇಳಿಸಿಕೊಂಡಳು.

ತಿಮ್ಮಣ್ಣನಿಗೆ ಹೊಸ ಹಾರೆ ಬಂತು. ಯುಗಾದಿಯೂ ಕಳೆಯಿತು. ಗಿರಿಜ ಮಾತಿಗೆ ತಪ್ಪುವವಳಲ್ಲ. ಗೀಸರಿನ ಸುದ್ದಿಯನ್ನೇ ಎತ್ತುತ್ತಿಲ್ಲ. ಮೊನ್ನೆ ಬಂದ ನೆಂಟರನ್ನು ಬಚ್ಚಲ ತನಕ ಕರೆತಂದು, "ಇವ್ರೇ ಹಾಕಿದ ಕಂಬಿ, ಎಷ್ಟು ಗಟ್ಟಿ ನೋಡಿ. ಇವ್ರಿಗೆ ಗೀಸರ್ ಕಂಡ್ರಾಗಲ್ಲ" ಎಂದು ಹೊಗಳಿದಳು. ಎಲ್ಲರೂ ನನ್ನನ್ನು ನೋಡಿದರು. ಊದುಗೊಳವೆ ಬಾಯಲ್ಲಿತ್ತು, ಹೌದೆಂದು ತಲೆಯಾಡಿಸಿದೆ.