ಬೀಗರ ಮುಂದೆ ಬಿಟ್ಟ ಉಸಿರು

ನಮ್ಮ ಮಗಳು ತನ್ಮಯಿ ಮೆಚ್ಚಿದ ಹುಡುಗ ಕೈಲಾಸ್ ಒಳ್ಳೆಯವನೇ. ಅವನ ಅಪ್ಪ-ಅಮ್ಮ ಮಾತುಕತೆಗೆ ನಮ್ಮ ಪದ್ಮನಾಭನಗರದ ಮನೆಗೆ ಬರ್ತಾರೆ ಅಂತ ಗೊತ್ತಾದಾಗಿನಿಂದ ಅವಳಿಗೆ ಇದ್ದದ್ದು ಒಂದೇ ಚಿಂತೆ. ಅದು ನಾನು.

"ಅಪ್ಪಾ, ನಿನ್ನ ನರಮಂಡಲ ಯಾವಾಗ್ಲೂ ಯುದ್ಧಕ್ಕೆ ರೆಡಿಯಾಗಿರುತ್ತೆ. ಅದಕ್ಕೇ ನಿನಗೆ ಎಲ್ಲಾ ಕೆಟ್ಟದಾಗೇ ಕಾಣೋದು. ಅದು ಶಾಂತ ಆದ್ರೆ ಆಶಾವಾದ ತಾನಾಗೇ ಬರುತ್ತೆ," ಅಂತ ಜಯನಗರದ ಒಂದು ಉಸಿರಾಟದ ಕ್ಲಾಸಿಗೆ ಸೇರಿಸಿದಳು. (ಇದೇ ಸಿದ್ಧಾಂತವನ್ನು ನನ್ನ ಹೆಂಡತಿ ಜಯಾ ಮೂವತ್ತು ವರ್ಷದಿಂದ ಎರಡೇ ಪದದಲ್ಲಿ ಹೇಳುತ್ತಿದ್ದಳು: ಸುಮ್ನೆ ಕೂತ್ಕೊಳ್ಳಿ.) ಕ್ಲಾಸಿನಲ್ಲಿ ಕಲಿತದ್ದು ಇಷ್ಟೇ. ನಾಲ್ಕು ಎಣಿಸುತ್ತಾ ಉಸಿರು ಎಳೆದುಕೊಳ್ಳಬೇಕು, ಏಳರ ತನಕ ಹಿಡಿಯಬೇಕು, ಎಂಟರ ತನಕ ನಿಧಾನಕ್ಕೆ ಬಿಡಬೇಕು. ಒಂದೇ ವಾರದಲ್ಲಿ ನಾನು ಬನಶಂಕರಿ ಸಿಗ್ನಲ್‌ನಲ್ಲೂ ಮುಗುಳ್ನಗುವ ಮಹರ್ಷಿಯಾದೆ.

ಭಾನುವಾರ ಗುರುಬಸಪ್ಪ, ಕಮಲಾದೇವಿ ದಂಪತಿ ಬಂದರು. ನಾನು ಎಣಿಕೆ ಶುರುಮಾಡಿದೆ. ಕಮಲಾದೇವಿಯವರು ಮಗನ ಕೆಲಸದ ಬಗ್ಗೆ ಹೇಳಿದರು; ನಾನು ಎಂಟರ ತನಕ ಉಸಿರು ಬಿಟ್ಟೆ. ಮದುವೆ ಜೋರಾಗಿ ಆಗಬೇಕು ಅಂದರು. ಇನ್ನೊಂದು ಬಿಟ್ಟೆ, ಸ್ವಲ್ಪ ಶಬ್ದವೂ ಬಂತು. ಎದುರು ಕೂತವರಿಗೆ ಅದು ನರಮಂಡಲದ ಶಾಂತಿಪರ್ವವಲ್ಲ, ಹೆಣ್ಣಿನ ಅಪ್ಪನ ನಿಟ್ಟುಸಿರು ಅನ್ನೋದು ನನಗೆ ಹೊಳೆಯಲೇ ಇಲ್ಲ.

ಕೊನೆಗೆ ಕಮಲಾದೇವಿ ಕಾಫಿ ಲೋಟ ಕೆಳಗಿಟ್ಟರು. "ಅನಂತರಾಮು ಅವರೇ, ನಿಮಗೆ ಈ ಸಂಬಂಧ ಒಪ್ಪಿಗೇನಾ?"

ಆಗ ನಾನು ಉಸಿರು ಹಿಡಿದಿದ್ದೆ, ಮೂರನೇ ಎಣಿಕೆ. ಇನ್ನೂ ನಾಲ್ಕು ಬಾಕಿ. ಐದಕ್ಕೆ ಅವರು ಎದ್ದು ನಿಂತರು. ಆರಕ್ಕೆ ತನ್ಮಯಿಯ ಕಣ್ಣಲ್ಲಿ ನೀರು.

ಏಳರ ತನಕ ಕಾಯಲಿಲ್ಲ. "ಕೂತ್ಕೊಳ್ಳಿ ಮೇಡಂ," ಅಂತ ಕಿರುಚಿಯೇಬಿಟ್ಟೆ. "ನೀವೆಲ್ಲಿ ಬೇಡ ಅಂತೀರೋ ಅಂತ ವಾರದಿಂದ ಹೆದರಿ ಸಾಯ್ತಿದೀನಿ. ಧೈರ್ಯಕ್ಕೆ ಉಸಿರು ಬಿಡ್ತಿದ್ದೆ, ಅಷ್ಟೇ."

ಕಮಲಾದೇವಿ ಹಾಗೇ ಕೂತುಬಿಟ್ಟರು. ಆಮೇಲೆ ಗುರುಬಸಪ್ಪನವರು ಮೆಲ್ಲಗೆ, "ನಾನೂ ಬಂದಾಗಿಂದ ಕಾಲ್ಬೆರಳು ನೆಲಕ್ಕೆ ಒತ್ಕೊಂಡು ಕೂತಿದೀನಿ ಸಾರ್. ಭಯ ಇಳಿಯುತ್ತೆ ಅಂತ ಮಗ ಹೇಳ್ಕೊಟ್ಟಿದ್ದು," ಅಂದರು.

ಮೊದಲು ನಕ್ಕವರು ಕಮಲಾದೇವಿ. ಅಲ್ಲಿಗೆ ಸಂಬಂಧ ಗಟ್ಟಿಯಾಯಿತು. ನಾವಿಬ್ಬರು ಗಂಡಸರು ಬಾಲ್ಕನಿಯಲ್ಲಿ ನಮ್ಮ ನಮ್ಮ ಪುಕ್ಕಲುತನ ಹಂಚಿಕೊಂಡು ಒಳಗೆ ಬರುವಷ್ಟರಲ್ಲಿ ಹೆಂಗಸರು ಛತ್ರ, ಊಟ, ತಿಂಗಳು ಎಲ್ಲಾ ಗೊತ್ತು ಮಾಡಿ ಮುಗಿಸಿದ್ದರು. ಊಟಕ್ಕೆ ಎರಡು ಸಾವಿರ ಜನ ಅಂತೆ.

"ಇವರು ಈಗ ತುಂಬಾ ಶಾಂತ. ಏನಂದ್ರೂ ಒಪ್ಕೋತಾರೆ," ಅಂತ ಜಯಾ ಬೀಗಿತ್ತಿಗೆ ಭರವಸೆ ಕೊಡುತ್ತಿದ್ದಳು.

ನೀವಾದರೂ ಏನಾದರೂ ಹೇಳಿ ಅಂತ ಬೀಗರ ಮುಖ ನೋಡಿದೆ. ಅವರು ಆಗಲೇ ಕಣ್ಣು ಮುಚ್ಚಿ ಕಾಲ್ಬೆರಳು ನೆಲಕ್ಕೆ ಒತ್ತುತ್ತಿದ್ದರು.