ಕುಂಕುಮ ಕಾರಿಗೋ, ಡಬ್ಬಕ್ಕೋ?

ಮನೆಗೆ ಯಾವ ಹೊಸ ವಸ್ತು ಬಂದರೂ ನನ್ನ ಕಣ್ಣು ಮೊದಲು ಹೋಗುವುದು ವಸ್ತುವಿನ ಮೇಲಲ್ಲ, ಅದು ಬಂದ ಡಬ್ಬದ ಮೇಲೆ. ಇದನ್ನು ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ನಮ್ಮ ಬನಶಂಕರಿ ಎರಡನೇ ಹಂತದಲ್ಲಿ ಸಜ್ಜೆಯ ಮೇಲೆ ಮಿಕ್ಸಿಯ ಡಬ್ಬ ಇಟ್ಟುಕೊಳ್ಳದ ಮನೆ ಯಾವುದಿದೆ ಹೇಳಿ. ಮಿಕ್ಸಿ ಸುಟ್ಟುಹೋಗಿ, ಅದರ ಜಾರುಗಳು ಗುಜರಿಯವನ ಪಾಲಾಗಿ, ಹೊಸ ಮಿಕ್ಸಿ ಬಂದು ಅದಕ್ಕೂ ವಯಸ್ಸಾಗಿರುತ್ತದೆ. ಮೊದಲನೆಯದರ ಡಬ್ಬ ಮಾತ್ರ ಥರ್ಮೋಕೋಲ್ ಸಮೇತ ಸಜ್ಜೆಯ ಮೇಲೆ ಕ್ಷೇಮವಾಗಿರುತ್ತದೆ. ನಮ್ಮ ಟಿವಿ ರಿಮೋಟಿಗೂ ಪ್ಲಾಸ್ಟಿಕ್ ಕವರಿದೆ. ಅದು ಮಂಕಾಗಿ ಗುಂಡಿಯ ಮೇಲಿನ ಅಂಕಿ ಕಾಣುವುದಿಲ್ಲ. ವಾರ್ತೆ ನೋಡಲು ಕೂತ ನಮ್ಮನೆಯವರು ಎಷ್ಟೋ ದಿನ ಬದನೆಕಾಯಿ ಗೊಜ್ಜು ಮಾಡುವುದನ್ನು ನೋಡಿ ಎದ್ದು ಹೋಗಿದ್ದಾರೆ. ಆದರೆ ರಿಮೋಟು ಮಾತ್ರ ಇವತ್ತಿಗೂ ಹೊಸದರಂತಿದೆ.

ಇಂಥ ಚಾಳಿಯವಳು ಯಾವ ಹವ್ಯಾಸಕ್ಕೆ ಬೀಳಬಾರದೋ ಅದಕ್ಕೇ ಬಿದ್ದೆ. ನಾನು ಡೈಕಾಸ್ಟ್ ಕಾರುಗಳನ್ನು ಸಂಗ್ರಹಿಸುತ್ತೇನೆ. ಅಂದರೆ ನಿಜವಾದ ಕಾರಿನಂತೆಯೇ ಲೋಹದಲ್ಲಿ ಎರಕ ಹೊಯ್ದು, ಅಂಗೈಯಲ್ಲಿ ಕೂರುವಷ್ಟು ಪುಟ್ಟದಾಗಿ ಮಾಡಿದ ಕಾರುಗಳು. ಐವತ್ತು ದಾಟಿದ, ವಿಮಾ ಕಚೇರಿಯಲ್ಲಿ ಕೆಲಸ ಮಾಡುವ ಹೆಂಗಸಿಗೆ ಈ ಹುಚ್ಚು ಇರಬಹುದೆಂದು ಯಾವ ಅಂಗಡಿಯವನೂ ನಂಬುವುದಿಲ್ಲ. ಜಯನಗರದ ಒಂದು ಆಟಿಕೆ ಅಂಗಡಿಯಲ್ಲಿ ನಾನು ಒಂದೊಂದೇ ಡಬ್ಬ ತೆಗೆದು, ನಾಲ್ಕೂ ಮೂಲೆ ಒತ್ತಿ, ಬೆಳಕಿಗೆ ಹಿಡಿದು ನೋಡುತ್ತಿದ್ದಾಗ ಅಂಗಡಿಯಾತ ತಾಳ್ಮೆ ಕಳೆದುಕೊಂಡು, “ಮೇಡಂ, ಮಗು ಡಬ್ಬ ಕಿತ್ತೆಸೆದು ಕಾರ್ ಇಟ್ಕೊಳತ್ತೆ. ಡಬ್ಬ ಯಾಕ್ ನೋಡ್ತೀರಿ? ಎಷ್ಟು ವಯಸ್ಸು ಮಗೂಗೆ?” ಎಂದ. “ಐವತ್ತೆರಡು” ಎಂದೆ. ಆಮೇಲೆ ಆತ ಬಿಲ್ ಹಾಕುವವರೆಗೂ ತಲೆ ಎತ್ತಲಿಲ್ಲ.

ಕಾರು ಸಂಗ್ರಹಿಸುವವರಲ್ಲಿ ಎರಡು ಪಂಗಡ. ಒಂದು, ಡಬ್ಬ ಇಲ್ಲದ ಕಾರು ಅರ್ಧ ಕಾರು ಎನ್ನುವವರದು. ಇನ್ನೊಂದು, ಡಬ್ಬ ಹಾಳಾಗಿ ಹೋಗಲಿ, ಕಾರಿನ ಬಣ್ಣ, ಚಕ್ರ, ಕನ್ನಡಿ ನೆಟ್ಟಗಿದ್ದರೆ ಸಾಕು ಎನ್ನುವವರದು. ನಾನು ಯಾವ ಪಂಗಡವೆಂದು ಹೇಳಬೇಕಾಗಿಲ್ಲ. ಎದುರು ಪಂಗಡದ ಮುಖಂಡರು ನಾಗಭೂಷಣ ಅವರು. ಬ್ಯಾಂಕಿನಿಂದ ನಿವೃತ್ತರಾದವರು, ತ್ಯಾಗರಾಜನಗರದವರು. ನಮ್ಮಂಥ ಏಳೆಂಟು ಜನ ಭಾನುವಾರ ಬೆಳಗ್ಗೆ ಜಯನಗರದ ಒಂದು ಹೋಟೆಲಿನಲ್ಲಿ ಸೇರುತ್ತೇವೆ. ಇಡ್ಲಿ ಮುಗಿಯುವವರೆಗೆ ಎಲ್ಲರೂ ಸಭ್ಯರು. ಕಾಫಿ ಬಂದ ಮೇಲೆ ನಾಗಭೂಷಣ ಅವರು ಜೇಬಿನಿಂದ ಒಂದು ಕಾರು ತೆಗೆದು ಮೇಜಿನ ಮೇಲೆ ಓಡಿಸಿ, “ಡಬ್ಬ ಹಿಡ್ಕೊಂಡು ಏನ್ ಮಾಡ್ತೀರಿ ಮೇಡಂ, ಕಾರ್ ತಾನೇ ಮುಖ್ಯ?” ಎಂದು ಶುರು ಮಾಡುತ್ತಾರೆ.

ನಮ್ಮಿಬ್ಬರ ಜಗಳಕ್ಕೆ ಮೂಲ ಒಂದು ಹಸಿರು ಕಾರು. ಅಂಥದ್ದು ಅವರ ಹತ್ತಿರವೂ ಒಂದಿದೆ, ನನ್ನ ಹತ್ತಿರವೂ ಒಂದಿದೆ. ಅವರದಕ್ಕೆ ಡಬ್ಬವಿಲ್ಲ, ಆದರೆ ಕಾರು ಫಳಫಳ ಹೊಳೆಯುತ್ತದೆ. ನನ್ನದು ಕಾರ್ಖಾನೆಯಲ್ಲಿ ಅಂಟಿಸಿದ ಟೇಪು ಕೂಡ ಬಿಚ್ಚದ ರಟ್ಟಿನ ಡಬ್ಬದಲ್ಲಿದೆ. ಒಳಗಿನದು ಕಾಣಲು ಆ ಡಬ್ಬಕ್ಕೆ ಕಿಟಕಿಯಿಲ್ಲ, ಮೇಲೆ ಕಾರಿನ ಚಿತ್ರವಿದೆ ಅಷ್ಟೆ. ಹಳೆಯ ಅಂಗಡಿಯೊಂದು ಮುಚ್ಚುವಾಗ ಕೊಂಡ ದಿನದಿಂದ ನಾನು ಅದನ್ನು ತೆರೆದಿಲ್ಲ. ಅಂದರೆ ನನ್ನ ಸಂಗ್ರಹದ ಅತ್ಯುತ್ತಮ ಕಾರನ್ನು ನಾನು ನೋಡಿಯೇ ಇಲ್ಲ. “ಒಳಗೆ ಕಾರಿದೆಯೋ ಸಾಬೂನಿದೆಯೋ ಯಾರಿಗ್ ಗೊತ್ತು?” ಎಂದು ನಾಗಭೂಷಣ ಅವರು ಕೆಣಕುತ್ತಾರೆ. “ಬಿಚ್ಚಿ ತೋರ್ಸಿ. ನಂದಕ್ಕಿಂತ ಚೆನ್ನಾಗಿದ್ರೆ ಆವತ್ತಿಂದ ನಾನೂ ಡಬ್ಬದ ಪಾರ್ಟಿ.” ಅವರನ್ನು ಸೋಲಿಸಬೇಕೆಂಬ ಆಸೆ ನನಗೆ ಬಹಳ. ಆದರೆ ಗೆಲ್ಲಬೇಕಾದರೆ ಟೇಪು ಬಿಚ್ಚಬೇಕು, ಟೇಪು ಬಿಚ್ಚಿದರೆ ನಾನು ಇಷ್ಟು ವರ್ಷ ಕಾಪಾಡಿದ್ದೇ ಹೋಗುತ್ತದೆ.

ಆ ಹಸಿರು ಕಾರಿನ ಮೇಲೆ ನನಗೇಕೆ ಇಷ್ಟು ಮೋಹವೆಂದರೆ, ನಾನು ಡ್ರೈವಿಂಗ್ ಕಲಿತದ್ದು ಅಂಥದ್ದೇ ಕಾರಿನಲ್ಲಿ. ಕಲಿಸುವವರು “ಕ್ಲಚ್ಚು ಮೇಡಂ, ಕ್ಲಚ್ಚು!” ಎಂದು ಕೂಗುತ್ತಿದ್ದರೆ ನಾನು ಹಾರನ್ನು ಒತ್ತುತ್ತಿದ್ದೆ. ಹೇಗೋ ಲೈಸೆನ್ಸ್ ಬಂತು. ಬಂದ ಹೊಸತರಲ್ಲೇ ಒಂದು ಸಂಜೆ ಸಾರಕ್ಕಿ ಸಿಗ್ನಲ್ಲಿನ ನಟ್ಟನಡುವೆ ನಮ್ಮ ಕಾರು ಆಫಾಗಿ ನಿಂತಿತು. ಹಿಂದಿನವರೆಲ್ಲ ಹಾರನ್ನು ಒತ್ತತೊಡಗಿದರು. ಪಕ್ಕದಲ್ಲಿದ್ದ ನಮ್ಮನೆಯವರಿಗೆ ಕೀಲಿ ಕೊಟ್ಟವಳು ಮತ್ತೆ ಅದನ್ನು ಮುಟ್ಟಲಿಲ್ಲ. ಲೈಸೆನ್ಸನ್ನು ಮಾತ್ರ ಅವಧಿ ಮುಗಿದಾಗಲೆಲ್ಲ ರಿನ್ಯೂ ಮಾಡಿಸುತ್ತೇನೆ. ಓಡಿಸಲಿಕ್ಕಲ್ಲ, ಒಳ್ಳೆಯ ಕಂಡೀಷನ್ನಿನಲ್ಲಿರಲಿ ಎಂದು.

ಇನ್ನು ನಮ್ಮ ಅತ್ತೆಯ ವಿಷಯ. ಮನೆಯಲ್ಲಿ ಡಬ್ಬದ ಮೇಲೆ ಗೌರವವಿಲ್ಲದವರು ಅವರೊಬ್ಬರೇ. ಎಂಬತ್ತು ದಾಟಿದ ಅವರು ಪ್ರತಿ ಶುಕ್ರವಾರ ರೇಷ್ಮೆ ಸೀರೆ ಉಟ್ಟು ಅದರಲ್ಲೇ ದೋಸೆಯನ್ನೂ ಹುಯ್ಯುತ್ತಾರೆ. “ಬೀರುಗೆ ಯಾಕೆ ರೇಷ್ಮೆ? ಅದೇನು ಆರತಿ ಎತ್ತಕ್ಕೆ ಹೋಗತ್ತಾ?” ಎಂಬುದು ಅವರ ವಾದ. ನನ್ನ ಧಾರೆ ಸೀರೆ ಡಬ್ಬದಲ್ಲೇ ಮಡಿಕೆ ಮುರಿದು ಸೀಳಿಹೋದ ದಿನದಿಂದ ಅವರ ಎದುರು ಈ ವಿಷಯ ಮಾತಾಡುವ ಧೈರ್ಯ ನನಗಿಲ್ಲ.

ಈ ಸಲದ ಆಯುಧಪೂಜೆಯ ದಿನ ನಮ್ಮನೆಯವರು ತಮ್ಮ ಫ್ಯಾಕ್ಟರಿಯ ಪೂಜೆಗೆಂದು ಬೆಳಗ್ಗೆಯೇ ಕಂಪನಿ ಬಸ್ಸಿನಲ್ಲಿ ಹೋಗಿದ್ದರು. ಬರುವುದು ಮಧ್ಯಾಹ್ನವೇ. ಅತ್ತೆ ಅರಿಶಿನ, ಕುಂಕುಮ, ಕಲಸಿದ ಗಂಧದ ಬಟ್ಟಲು ಹಿಡಿದು ಮನೆಯೆಲ್ಲ ಸುತ್ತಿ ಈಳಿಗೆಮಣೆ, ಮಿಕ್ಸಿ, ಹೊಲಿಗೆ ಮಿಷನ್ನು, ನನ್ನ ಲ್ಯಾಪ್‌ಟಾಪು, ಕೊನೆಗೆ ರಿಮೋಟಿನ ಪ್ಲಾಸ್ಟಿಕ್ ಕವರು ಎಲ್ಲಕ್ಕೂ ಬೊಟ್ಟಿಟ್ಟರು. ದಸರಾ ಗೊಂಬೆಗಳನ್ನು ಹೊರಗೆ ತೆಗೆದಾಗಿನಿಂದ, ನನ್ನ ಕಾರುಗಳೂ ಇರುವ ಬೀರುವಿಗೆ ಬೀಗ ಹಾಕಲು ನಾನು ಮರೆತಿದ್ದೆ. ಅತ್ತೆ ಅದರ ಬಾಗಿಲು ತೆರೆದರು.

“ವತ್ಸಲಾ, ಇಷ್ಟೊಂದು ವಾಹನ ಒಳಗಿಟ್ಕೊಂಡು ಒಂದು ವರ್ಷಾನೂ ಪೂಜೆ ಮಾಡಿಲ್ವಲ್ಲೇ!”

ನಾನು ಅಡುಗೆಮನೆಯಿಂದ ಓಡಿ ಬಂದೆ. ಅತ್ತೆಯ ಒಂದು ಕೈಯಲ್ಲಿ ಹಸಿರು ಕಾರಿನ ಡಬ್ಬ, ಇನ್ನೊಂದು ಕೈಯ ಬೆರಳ ತುದಿಯಲ್ಲಿ ತೊಟ್ಟಿಕ್ಕುವ ಗಂಧ.

“ಅತ್ತೆ, ಬೇಡ! ಅದು ಆಟದ ಕಾರು, ಅದಕ್ಕೆಲ್ಲ ಪೂಜೆ ಯಾಕೆ?”

“ಆಟದ್ದಾದ್ರೆ ಆಡು. ವಾಹನ ಆದ್ರೆ ಪೂಜೆ ಮಾಡು. ಎರಡೂ ಇಲ್ದೆ ಯಾಕೆ ಇಟ್ಕೊಂಡಿದೀಯ?” ಇದಕ್ಕೆ ನಮ್ಮ ಪಂಗಡದಲ್ಲಿ ಈವರೆಗೆ ಯಾರೂ ಉತ್ತರ ಕಂಡುಹಿಡಿದಿಲ್ಲ. “ಹೇಳು ಬೇಗ, ಕಾರಿಗೆ ಹಚ್ಲೋ, ಡಬ್ಬಕ್ಕೆ ಹಚ್ಲೋ? ರಾಹುಕಾಲ ಬರತ್ತೆ.”

ಹಬ್ಬದ ದಿನ ಎದುರಿಗೆ ಬಂದ ವಾಹನಕ್ಕೆ ಕುಂಕುಮವಿಡದೆ ಬಿಡುವುದು ಅವರಿಂದಾಗದ ಮಾತು. ಒಂದು ನಿಮಿಷ ಎಂದು ಬೇಡಿಕೊಂಡು ಬಾಲ್ಕನಿಗೆ ಹೋಗಿ ನಾಗಭೂಷಣ ಅವರಿಗೆ ಫೋನ್ ಮಾಡಿದೆ. ಶತ್ರುವೇ ಆದರೂ ಇಂಥ ಸಂಕಟ ಅರ್ಥವಾಗುವುದು ಅವರೊಬ್ಬರಿಗೇ. ಅವರು ನಗದೆ, ಡಾಕ್ಟರರ ಗಾಂಭೀರ್ಯದಿಂದ ವಿಚಾರಿಸಿದರು: “ಒಣ ಕುಂಕುಮಾನೋ, ಕಲಸಿರೋದೋ?”

“ಗಂಧದ ಮೇಲೆ ಕುಂಕುಮ, ಸಾರ್.”

“ಹಾಗಾದ್ರೆ ರಟ್ಟು ಕುಡಿದುಬಿಡತ್ತೆ ಮೇಡಂ, ಕಲೆ ಜನ್ಮದಲ್ಲಿ ಹೋಗಲ್ಲ. ಕಾರಿನ ಮೇಲಾದ್ರೆ ಒದ್ದೆ ಬಟ್ಟೇಲಿ ಒರೆಸ್ಬಹುದು. ಧೈರ್ಯ ಮಾಡಿ ಬಿಚ್ಚಿ.” ಫೋನ್ ಇಡುವ ಮುನ್ನ, “ನಿಧಾನಕ್ಕೆ ಬಿಚ್ಚಿ, ಡಬ್ಬ ಹರೀಬಾರ್ದು” ಎಂದರು. ಡಬ್ಬದ ವೈರಿಯ ಬಾಯಲ್ಲಿ ಈ ಮಾತು ಬಂದದ್ದು ವಿಚಿತ್ರವೇ. ಆದರೆ ಆಗ ಅದನ್ನು ಯೋಚಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಈಳಿಗೆಮಣೆಗೆ ಪೂಜೆಯಾಗಿದ್ದರಿಂದ ಅದನ್ನು ಮುಟ್ಟುವಂತಿಲ್ಲ, ಚಾಕುವನ್ನೂ ಮುಟ್ಟುವಂತಿಲ್ಲ. ಉಗುರಿನಿಂದಲೇ ಟೇಪು ಎಬ್ಬಿಸಿದೆ. ಸ್ಪಂಜಿನ ಹಾಸಿನೊಳಗಿಂದ ಕಾರನ್ನು ಎತ್ತಿದೆ. ಎತ್ತಿದರೆ ಸ್ಪಂಜೂ ಜೊತೆಗೇ ಬಂತು. ಇಷ್ಟು ವರ್ಷ ಒತ್ತಿಕೊಂಡೇ ಇದ್ದು ಅದು ಕರಗಿ ಕಾರಿನ ತಲೆಗೆ ಅಂಟಿಕೊಂಡಿತ್ತು. ಮೆಲ್ಲಗೆ ಬಿಡಿಸಿದರೆ ಹಸಿರು ಬಣ್ಣ ಚಕ್ಕೆ ಚಕ್ಕೆಯಾಗಿ ಸ್ಪಂಜಿನ ಜೊತೆ ಹೋಯಿತು. ಯಾರೂ ಮುಟ್ಟಿರಲಿಲ್ಲ, ಬೀಳಿಸಿರಲಿಲ್ಲ, ಆಡಿರಲಿಲ್ಲ. ಕಾಪಾಡಬೇಕಾದ ಡಬ್ಬವೇ ಅದನ್ನು ತಿಂದುಹಾಕಿತ್ತು. ನನಗೆ ನಿಜವಾಗಿ ಅಳು ಬಂತು, ಮುಚ್ಚಿಡುವುದೇನಿದೆ.

ಅತ್ತೆ ನನ್ನ ಮುಖ ನೋಡಿದರು, ಕಾರು ನೋಡಿದರು. ಧಾರೆ ಸೀರೆಯ ಮಾತೆತ್ತಲಿಲ್ಲ. ಅದಕ್ಕೆ ನಾನು ಇಂದಿಗೂ ಋಣಿ. ಬಣ್ಣ ಹೋದ ಜಾಗಕ್ಕೇ ಸರಿಯಾಗಿ ಅರಿಶಿನ ಕುಂಕುಮ ಇಟ್ಟು, “ನೋಡೀಗ, ಲಕ್ಷಣವಾಗಿದೆ” ಎಂದು ಗೊಂಬೆಗಳ ಕೆಳಗಿನ ಮೆಟ್ಟಿಲಲ್ಲಿ, ಶೆಟ್ಟಿ ಗೊಂಬೆಯ ದಿನಸಿ ಅಂಗಡಿ ಮುಂದೆ ನಿಲ್ಲಿಸಿದರು. ಉಳಿದ ಕಾರುಗಳಿಗೆಲ್ಲ ಸೇರಿಸಿ ಬೀರುವಿನ ಬಾಗಿಲಿಗೇ ಒಂದು ಬೊಟ್ಟಿಟ್ಟರು. ಆಮೇಲೆ ಕೆಳಗೆ ನಿಂತಿದ್ದ ನಮ್ಮ ದೊಡ್ಡ ಕಾರಿನ ಕೀಲಿ ತಂದು ನನ್ನ ಕೈಯಲ್ಲಿಟ್ಟರು.

“ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಿದೀನಿ. ಮುಂದಕ್ಕೆ ತೆಗಿ.”

“ಅವರು ಬರ್ಲಿ ಅತ್ತೆ.”

“ಅವನು ಬರೋಷ್ಟರಲ್ಲಿ ರಾಹುಕಾಲ. ಲೈಸೆನ್ಸ್ ಇದೆಯಲ್ಲ ನಿನಗೆ? ಅದೂ ಏನು ಅಂಟ್ಕೊಂಡು ಕೂತಿದೆಯೋ ನೋಡು.”

ಕೆಳಗೆ ಹೋದೆ. ನಮ್ಮನೆಯವರು ದಿನಾ ಹೊದಿಸಿಡುವ ಕವರನ್ನು ಅತ್ತೆ ಆಗಲೇ ಎಳೆದು ಹಾಕಿದ್ದರು. ಸೇವಂತಿಗೆ ಹಾರ ಹಾಕಿಕೊಂಡು, ಎರಡೂ ಬದಿಗೆ ಬಾಳೆಕಂಬ ಕಟ್ಟಿಸಿಕೊಂಡು ಕಾರು ಕಾಯುತ್ತಿತ್ತು. ಅದರ ಮೈಮೇಲೆ ಒಂದು ಗೀರಿರಲಿಲ್ಲ. ಒಳಗೆ ಕೂತು ಕ್ಲಚ್ಚು ಒತ್ತಿದೆ, ಕಾಲಿಗೆ ನೆನಪಿತ್ತು. ನಿಂಬೆಹಣ್ಣುಗಳು ಪಚಕ್ಕೆಂದವು. ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಕಾರು ಮುಂದಕ್ಕೆ ಹೋಯಿತೆಂಬ ಸಂತೋಷಕ್ಕೆ ನಾನು ಇನ್ನೂ ಸ್ವಲ್ಪ ಹೋದೆ. ಎಡಗಡೆ ಗೇಟಿನ ಕಂಬ ಕರ್ರೆಂದು ಉದ್ದಕ್ಕೆ ಒಂದು ಗೀರು ಎಳೆಯಿತು.

ನಾನು ಸ್ಟಿಯರಿಂಗ್ ಹಿಡಿದುಕೊಂಡೇ ಕೂತೆ. ಅತ್ತೆ ಬಗ್ಗಿ ನೋಡಿ, ಬಟ್ಟಲಿನಲ್ಲಿ ಉಳಿದ ಕುಂಕುಮವನ್ನೆಲ್ಲ ಆ ಗೀರಿನ ಉದ್ದಕ್ಕೂ ಬಳಿದರು. ಮತ್ತೆ ಬಲಗಡೆಗೆ ಬಂದು ಬಾಗಿಲು ತೆಗೆದು ಹಿಂದಿನ ಸೀಟಿನಲ್ಲಿ ಕೂತರು. “ಬೀಳೋ ಗೀರು ಬಿದ್ದಾಯ್ತು, ಇನ್ನೇನು ಭಯ? ನಡಿ, ಪಾರ್ಕ್ ಸುತ್ತ ಒಂದು ರೌಂಡ್ ಹೋಗ್ಬರೋಣ” ಎಂದರು. ಎರಡನೇ ಗೇರಿನಲ್ಲೇ ಪಾರ್ಕು ಸುತ್ತಿದೆವು. ಬಾಳೆ ಎಲೆ ಗಾಳಿಗೆ ಪಟಪಟ ಬಡಿಯುತ್ತಿತ್ತು, ಅತ್ತೆ ಕಿಟಕಿಯಿಂದ ಪರಿಚಯದವರಿಗೆಲ್ಲ ಕೈ ಬೀಸಿದರು. ಇಷ್ಟು ಖುಷಿ ನನಗೆ ಎಷ್ಟೋ ವರ್ಷಗಳಿಂದ ಆಗಿರಲಿಲ್ಲ. ಮಧ್ಯಾಹ್ನ ನಮ್ಮನೆಯವರು ಬಂದು, “ಎಡಗಡೆ ಯಾಕೆ ಇಷ್ಟು ಕುಂಕುಮ?” ಎಂದು ಕೇಳಿದರು. “ಹಬ್ಬ ಕಣೋ” ಎಂದು ಅತ್ತೆ ಒಬ್ಬಟ್ಟು ಬಡಿಸಿದರು. ಆ ಕುಂಕುಮ ತೊಳೆಯುವ ಮಾತು ಯಾರೂ ಎತ್ತದಂತೆ ನಾವಿಬ್ಬರೂ ಕೆಲವು ದಿನ ನೋಡಿಕೊಂಡೆವು. ಕೊನೆಗೆ ಆ ಮಾತನ್ನು ಮಳೆಯೇ ಎತ್ತಿತು.

ಮುಂದಿನ ಭಾನುವಾರ ಹಸಿರು ಕಾರನ್ನು ಒರೆಸಿ ಕೈಚೀಲದಲ್ಲಿ ಹಾಕಿಕೊಂಡು ಹೋಟೆಲಿಗೆ ಹೋದೆ. ಸೋಲು ಒಪ್ಪಿಕೊಂಡುಬಿಡೋಣ ಎಂದು ಕಾಫಿಗೆ ಮೊದಲೇ ಮೇಜಿನ ಮೇಲಿಟ್ಟೆ. ನಾಗಭೂಷಣ ಅವರು ಅದರ ಬೋಳು ತಲೆ ನೋಡಿದರು. ನಗುತ್ತಾರೆಂದು ಕಾದೆ, ನಗಲಿಲ್ಲ. ಚಮಚದಿಂದ ಚಟ್ನಿ ಕೆದಕುತ್ತಾ ತಗ್ಗಿದ ದನಿಯಲ್ಲಿ, “ಮೇಡಂ, ಡಬ್ಬ ಏನ್ ಮಾಡಿದ್ರಿ?” ಎಂದರು.

“ಮನೇಲಿದೆ.”

“ಮೂಲೆ ಎಲ್ಲಾ ಸರಿಯಾಗಿದ್ಯಾ?”

“ಹೊಸದ್ರ ಹಾಗಿದೆ.”

“ಅಲ್ಲ, ನಿಮಗೀಗ ಅದು ಖಾಲಿ ಡಬ್ಬ ತಾನೇ? ನನ್ನತ್ರ ಕಾರಿದೆ, ಡಬ್ಬ ಇಲ್ಲ. ಕೊಟ್ರೆ ಜೋಡಿ ಆಗತ್ತೆ ಅಂತ…”

ಫೋನಿನಲ್ಲಿ ಡಬ್ಬ ಹರಿಯಬಾರದು ಎಂದದ್ದು ಏಕೆಂದು ಆಗ ಹೊಳೆಯಿತು. “ಡಬ್ಬ ಹಿಡ್ಕೊಂಡು ಏನ್ ಮಾಡ್ತೀರಿ ಸಾರ್, ಕಾರ್ ತಾನೇ ಮುಖ್ಯ?” ಎಂದೆ. ಅವರು ಆಗತಾನೇ ಬಂದ ಕಾಫಿ ಕುಡಿಯತೊಡಗಿದರು. ಪಾಪ ಎನ್ನಿಸಿತು. ಕೊಟ್ಟಿದ್ದರೆ ಈ ಊರಿನಲ್ಲಿ ಒಂದು ಹಸಿರು ಕಾರಾದರೂ ಯಾವ ಕೊರತೆಯೂ ಇಲ್ಲದೆ ಇರುತ್ತಿತ್ತು. ಮನಸ್ಸು ಬರಲಿಲ್ಲ.

ಮನೆಗೆ ಬಂದು ಆ ಖಾಲಿ ಡಬ್ಬವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬೀರುವಿನಲ್ಲಿಡುತ್ತಿದ್ದೆ. ಅತ್ತೆ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ.

“ಏನಿದೆಯೇ ಅದರೊಳಗೆ?”

“ಏನಿಲ್ಲ ಅತ್ತೆ.”

“ಏನೂ ಇಲ್ಲದ್ದಕ್ಕೆ ಇಷ್ಟು ಬಂದೋಬಸ್ತೇ? ಇರ್ಲಿ ಬಿಡು, ಬರೋ ವರ್ಷ ಅದಕ್ಕೂ ಕುಂಕುಮ ಇಡೋಣ” ಎಂದು ಹೇಳಿ ಹೋದರು.

ಅಂದಿನಿಂದ ಬೀರುವಿಗೆ ತಪ್ಪದೆ ಬೀಗ ಹಾಕುತ್ತೇನೆ. ಬೋಳು ತಲೆಯ ಹಸಿರು ಕಾರು ಟಿವಿಯ ಪಕ್ಕದಲ್ಲಿದೆ, ಯಾರು ಬೇಕಾದರೂ ಓಡಿಸಬಹುದು. ದೊಡ್ಡ ಕಾರಿನ ಕೀಲಿ ಬಾಗಿಲ ಬಳಿಯ ಮೊಳೆಯಲ್ಲಿ ನೇತಾಡುತ್ತಿರುತ್ತದೆ, ಶುಕ್ರವಾರ ಅತ್ತೆಯನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋಗುವುದು ನಾನೇ. ಬೀರುವಿನಲ್ಲಿ ಬೇರೆ ಕಾರುಗಳೂ ಇವೆ, ಆದರೆ ನಿಜವಾಗಿ ಬೀಗ ಹಾಕಿ ಕಾಯುತ್ತಿರುವುದು ಆ ಖಾಲಿ ಡಬ್ಬವೊಂದನ್ನೇ.